ತ್ರಿವೇಣಿ: ‘ಬೇಡ’ ಅನ್ನೋ ಮಾತಿಗೆ ಬೆಲೆ ತಂದುಕೊಟ್ಟ ಮಂಡ್ಯದ ಹೆಣ್ಣುಮಗಳು

ಸಿಂಧಘಟ್ಟ (ಕೆ.ಆರ್. ಪೇಟೆ): ಟಿವಿಯಲ್ಲಿ ‘ಶರಪಂಜರ’ ಬಂತು ಅಂದರೆ ಈಗಲೂ ಮನೆಯ ಹಿರಿಯ ಹೆಂಗಸರು ಕೈಲಿದ್ದ ಕೆಲಸ ಬಿಟ್ಟು ಕೂರುತ್ತಾರೆ. ಕಲ್ಪನಾ ಗೊತ್ತು, ಪುಟ್ಟಣ್ಣ ಕಣಗಾಲ್ ಗೊತ್ತು, ಕಾವೇರಿ ಅನ್ನೋ ಪಾತ್ರವಂತೂ ಮನೆ ಮಗಳ ಥರ ಗೊತ್ತು. ಆದರೆ ಆ ಕಾವೇರಿಯನ್ನು ಮೊದಲು ಕಾಗದದ ಮೇಲೆ ಹುಟ್ಟಿಸಿದವರು ಇದೇ ಮಂಡ್ಯದಲ್ಲಿ ಹುಟ್ಟಿದ ಹೆಣ್ಣುಮಗಳು ಅನ್ನೋದು ಎಷ್ಟೋ ಜನಕ್ಕೆ ತಿಳಿದಿಲ್ಲ. ಅವರೇ ಕಾದಂಬರಿಗಾರ್ತಿ ತ್ರಿವೇಣಿ.

ಬದುಕಿದ್ದು 34 ವರ್ಷ. ಬರೆದದ್ದು ಹತ್ತು ವರ್ಷ. ಅಷ್ಟರಲ್ಲಿ ಸುಮಾರು 20 ಕಾದಂಬರಿ, ಮೂರು ಕಥಾಸಂಕಲನ. ಮದುವೆ ಅನ್ನೋದರ ಒಳಗೆ ಹೆಣ್ಣಿಗೆ ತನ್ನದು ಅಂತ ಉಳಿಯುವುದು ಏನು? ಅವಳ ಮಾತಿಗೆ ಬೆಲೆ ಇದೆಯಾ? ಅವಳು ‘ಬೇಡ’ ಅಂದರೆ ಅದು ನಡೆಯುತ್ತಾ? ತ್ರಿವೇಣಿಯವರ ಒಳ್ಳೆಯ ಕಾದಂಬರಿಗಳೆಲ್ಲ ಒಂದಲ್ಲ ಒಂದು ದಾರಿಯಲ್ಲಿ ಇದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ.

ಬೆಳ್ಳೂರಿನ ಮನೆತನ, ಮಂಡ್ಯದ ಹುಟ್ಟು

ತ್ರಿವೇಣಿ ಹುಟ್ಟಿದ್ದು 1928ರ ಸೆಪ್ಟೆಂಬರ್ 1ರಂದು, ಮಂಡ್ಯದಲ್ಲಿ. ತಂದೆ ಬಿ.ಎಂ. ಕೃಷ್ಣಸ್ವಾಮಿ, ತಾಯಿ ತಂಗಮ್ಮ. ಕನ್ನಡಕ್ಕೆ ‘ಇಂಗ್ಲಿಷ್ ಗೀತಗಳು’ ಕೊಟ್ಟು ಹೊಸ ಕವಿತೆಯ ದಾರಿ ತೆರೆದ ಬಿ.ಎಂ. ಶ್ರೀಕಂಠಯ್ಯ, ಅಂದರೆ ಬಿಎಂಶ್ರೀ, ಇವರಿಗೆ ದೊಡ್ಡಪ್ಪ. ಹೆಸರಿನ ಮೊದಲಿರುವ ‘ಬಿ’ ಅಂದರೆ ಬೆಳ್ಳೂರು. ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಹಾಗೆ ನೋಡಿದರೆ ಈ ಮನೆತನದ ಬೇರು ಇರುವುದು ಈ ಭಾಗದ ಮಣ್ಣಿನಲ್ಲೇ.

ಆಗಿನ ಮಂಡ್ಯ ಈಗಿನ ಮಂಡ್ಯ ಅಲ್ಲ. 1928ರಲ್ಲಿ ಅದು ಮೈಸೂರು ಜಿಲ್ಲೆಗೆ ಸೇರಿದ್ದ ಒಂದು ಸಣ್ಣ ಪೇಟೆ. ಕನ್ನಂಬಾಡಿ ಕಟ್ಟೆಯ ಕೆಲಸ ಇನ್ನೂ ಪೂರ್ತಿ ಮುಗಿದಿರಲಿಲ್ಲ. ನಾಲೆ ನೀರು ಹರಿದದ್ದು, ಗದ್ದೆ ಎದ್ದದ್ದು, 1933ರಲ್ಲಿ ಸಕ್ಕರೆ ಕಾರ್ಖಾನೆ ಬಂದದ್ದು ಎಲ್ಲ ಆಮೇಲೆ. ಮಂಡ್ಯ, ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಮದ್ದೂರು, ಮಳವಳ್ಳಿ ತಾಲ್ಲೂಕುಗಳು ಸೇರಿ ಪ್ರತ್ಯೇಕ ಜಿಲ್ಲೆ ಆದದ್ದು 1939ರಲ್ಲಿ. ಊರು ಬೆಳೆಯುತ್ತಿದ್ದ ಕಾಲದಲ್ಲೇ ಈ ಹುಡುಗಿಯೂ ಬೆಳೆದಳು.

ಹುಟ್ಟಿದಾಗ ಇಟ್ಟ ಹೆಸರು ಭಾಗೀರಥಿ. ಶಾಲೆಯಲ್ಲಿ ಅನಸೂಯ. ಮದುವೆಯಾದ ಮೇಲೆ ಅನಸೂಯ ಶಂಕರ್. ಬರೆಯಲು ಶುರು ಮಾಡಿದ ಮೇಲೆ ತ್ರಿವೇಣಿ. ಹಿಂದಿನ ಹೆಸರುಗಳೆಲ್ಲ ಮನೆಯವರು, ಶಾಲೆ, ಮದುವೆ ಕೊಟ್ಟವು. ಕೊನೆಯದು ಮಾತ್ರ ಬರಹದ್ದು. ಇವತ್ತು ನಾಡು ನೆನಪಿಟ್ಟುಕೊಂಡಿರುವುದು ಆ ಕೊನೆಯ ಹೆಸರನ್ನೇ. ಕೆ.ಆರ್. ಪೇಟೆ ತಾಲ್ಲೂಕಿನವರಿಗೆ ತ್ರಿವೇಣಿ ಅಂದರೆ ತಟ್ಟನೆ ನೆನಪಾಗುವುದು ಅಂಬಿಗರಹಳ್ಳಿ ಹತ್ತಿರ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಕೂಡುವ ಸಂಗಮ. ಅದೇ ಹೆಸರಿನ ಲೇಖಕಿಯೊಬ್ಬರು ಇದೇ ಜಿಲ್ಲೆಯವರು ಅನ್ನೋದೂ ನೆನಪಿಗೆ ಬರಬೇಕು.

ಅವರ ಕಥಾಸಂಕಲನವೊಂದರ ಹೆಸರೇ ‘ಹೆಂಡತಿಯ ಹೆಸರು’. ಇಂಥವರ ಹೆಂಡತಿ, ಇಂಥವರ ಸೊಸೆ, ಇಂಥ ಮಗುವಿನ ತಾಯಿ ಅಂತ ಕರೆಸಿಕೊಂಡೇ ಆಯುಷ್ಯ ಮುಗಿಸುವ ಹೆಂಗಸರು ತುಂಬಿರುವ ನಾಡಿನಲ್ಲಿ ಆ ಶೀರ್ಷಿಕೆ ಓದಿದರೆ ಒಂದು ಗಳಿಗೆ ನಿಲ್ಲಬೇಕಾಗುತ್ತೆ.

ಮನಸ್ಸನ್ನು ಓದಿದ ಹುಡುಗಿ

ಹೆಣ್ಣುಮಕ್ಕಳ ಓದು ಅಂದರೆ ಕಾಗದ ಬರೆಯುವಷ್ಟು ಬಂದರೆ ಸಾಕು ಅನ್ನುತ್ತಿದ್ದ ಕಾಲ ಅದು. ಅನಸೂಯ ಮೈಸೂರಿಗೆ ಹೋಗಿ ಕಾಲೇಜು ಸೇರಿದರು. ತೆಗೆದುಕೊಂಡದ್ದು ಮನಃಶಾಸ್ತ್ರ. ಸ್ವಾತಂತ್ರ್ಯ ಬಂದ 1947ರಲ್ಲೇ ಬಿ.ಎ. ಮುಗಿಸಿದರು, ಅದೂ ಚಿನ್ನದ ಪದಕದ ಜೊತೆ.

ಮೈಸೂರಿನಲ್ಲಿ ಮನಃಶಾಸ್ತ್ರ ಓದೋದು ಅಂದರೆ ಆಗ ದೊಡ್ಡ ಮಾತು. ಮಹಾರಾಜ ಕಾಲೇಜಿನಲ್ಲಿ 1924ರಲ್ಲೇ ಆ ವಿಭಾಗ ಶುರುವಾಗಿತ್ತು. ಅದನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿ, ‘ಆಕಾಶವಾಣಿ’ ಅನ್ನೋ ಹೆಸರು ಚಾಲ್ತಿಗೆ ಬರಲು ಕಾರಣರಾದವರೂ ಅವರೇ.

ದೆವ್ವ ಹಿಡಿದಿದೆ, ಗ್ರಹಚಾರ, ಯಾರದೋ ಕಣ್ಣು ಬಿದ್ದಿದೆ ಅಂತ ಊರು ಹೇಳುವ ಕಡೆ, ಇದು ಮನಸ್ಸಿನ ಕಾಯಿಲೆ, ಇದಕ್ಕೆ ಕಾರಣ ಇದೆ, ಔಷಧಿ ಇದೆ ಅಂತ ನೋಡುವ ಕಣ್ಣು ಈ ಓದಿನಿಂದ ಬಂತು. ಕಾಲೇಜಿನ ಪಾಠವನ್ನು ಅವರು ಕಾಲೇಜಿನಲ್ಲೇ ಬಿಟ್ಟು ಬರಲಿಲ್ಲ. ಅದನ್ನು ಮನೆಯ ನಡುಮನೆಗೆ, ಅಡುಗೆಮನೆಗೆ, ಬಾಣಂತಿ ಕೋಣೆಗೆ ತಂದರು.

ಮದುವೆ ಆದ ಮೇಲೆ ಬಂದ ಬರವಣಿಗೆ

ಮದುವೆಯಾದದ್ದು ಇಂಗ್ಲಿಷ್ ಅಧ್ಯಾಪಕರಾಗಿದ್ದ ಎಸ್.ಎನ್. ಶಂಕರ್ ಅವರನ್ನು. ಸಂಸಾರ ಹೂಡಿದ್ದು ಮೈಸೂರಿನಲ್ಲಿ. ಸಾಮಾನ್ಯವಾಗಿ ಮದುವೆ ಆಯ್ತು ಅಂದರೆ ಹೆಣ್ಣಿನ ಓದು, ಹವ್ಯಾಸ ಅಟ್ಟ ಸೇರುತ್ತವೆ. ಇಲ್ಲಿ ಆದದ್ದು ತಿರುಗಾ ಮುರುಗಾ. ಮೊದಲ ಕಾದಂಬರಿ ‘ಅಪಸ್ವರ’ ಬಂದದ್ದು 1953ರಲ್ಲಿ, ಅವರಿಗೆ 25ರ ಆಸುಪಾಸು ಇದ್ದಾಗ. ಆಮೇಲೆ ‘ಅಪಜಯ’, ‘ಹೂವು ಹಣ್ಣು’, ‘ಕೀಲುಗೊಂಬೆ’, ‘ಮುಚ್ಚಿದ ಬಾಗಿಲು’, ‘ಮುಕ್ತಿ’, ‘ಬೆಕ್ಕಿನ ಕಣ್ಣು’, ‘ಬೆಳ್ಳಿಮೋಡ’, ‘ಹಣ್ಣೆಲೆ ಚಿಗುರಿದಾಗ’, ‘ಶರಪಂಜರ’ ಹೀಗೆ ಒಂದರ ಹಿಂದೆ ಒಂದು ಬಂದವು. ‘ಅವಳ ಮನೆ’ ಕಾದಂಬರಿಗೆ ರಾಜ್ಯ ಪ್ರಶಸ್ತಿಯೂ ಸಿಕ್ಕಿತು.

ಮದುವೆ ಅಂದರೆ ಹೆಣ್ಣಿಗೆ ಬೇಲಿ ಅಂತ ಒಂದೇ ಮಾತಿನಲ್ಲಿ ತೀರ್ಪು ಕೊಡಲು ತ್ರಿವೇಣಿಯವರ ಬದುಕು ಬಿಡುವುದಿಲ್ಲ. ಅವರು ಲೇಖಕಿಯಾಗಿ ಬೆಳೆದದ್ದು ಸಂಸಾರದ ಒಳಗೇ. ಆದರೆ ಎಲ್ಲರ ಮನೆಯೂ ಹಾಗಿರಲ್ಲ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು. ತಮ್ಮ ನಾಯಕಿಯರಿಗೆ ಅವರು ಸುಲಭದ ಮದುವೆಗಳನ್ನು ಕೊಡಲಿಲ್ಲ.

ಆ ಹೊತ್ತಿಗೆ ಕಾನೂನು ಒಂದು ಕಡೆ ಓಡುತ್ತಿತ್ತು, ಮನೆಗಳು ಇನ್ನೊಂದು ಕಡೆ ನಿಂತಿದ್ದವು. ಮೈಸೂರು ಸಂಸ್ಥಾನ 1894ರಲ್ಲೇ 8 ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆ ತಡೆಯಲು ಕಾನೂನು ತಂದಿತ್ತು. 1933ರಲ್ಲಿ ಹಿಂದೂ ಹೆಣ್ಣುಮಕ್ಕಳ ಹಕ್ಕಿನ ಕಾನೂನು ಬಂತು. ಸ್ವಾತಂತ್ರ್ಯ ಬಂದ ಮೇಲೆ 1955ರಲ್ಲಿ ಹಿಂದೂ ವಿವಾಹ ಕಾಯ್ದೆ, 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದವು. ಒಬ್ಬನಿಗೆ ಒಬ್ಬಳೇ ಹೆಂಡತಿ ಅಂತಾಯ್ತು, ವಿಚ್ಛೇದನಕ್ಕೆ ದಾರಿಯಾಯ್ತು, ವಿಲ್ ಬರೆಯದೆ ತೀರಿಕೊಂಡ ಅಪ್ಪನ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೂ ಪಾಲು ಬಂತು. ಆದರೆ ಕಾಯ್ದೆ ಪುಸ್ತಕದಲ್ಲಿ ಬರೆದದ್ದು ಮನೆಯ ಹೊಸ್ತಿಲು ದಾಟಲು ಎಷ್ಟು ವರ್ಷ ಬೇಕು? ತ್ರಿವೇಣಿ ಬರೆದದ್ದು ಆ ನಡುವಿನ ಜಾಗದ ಬಗ್ಗೆ.

ಇಂದಿರೆ ಹೇಳಿದ ‘ಬೇಡ’

‘ಬೆಳ್ಳಿಮೋಡ’ದ ಇಂದಿರಾ ಕಾಫಿ ಎಸ್ಟೇಟ್ ಸಾಹುಕಾರರ ಒಬ್ಬಳೇ ಮಗಳು. ಮೋಹನ ಅನ್ನೋ ಹುಡುಗನ ಜೊತೆ ಮದುವೆ ಗೊತ್ತಾಗುತ್ತೆ. ಅವನು ಅಮೆರಿಕಕ್ಕೆ ಹೋಗಿ ಓದಲು ಭಾವಿ ಮಾವನೇ ದುಡ್ಡು ಕೊಡುತ್ತಾರೆ. ಇಂದಿರಾ ಅವನಿಗಾಗಿ ಕಾಯುತ್ತಾಳೆ. ಅಷ್ಟರಲ್ಲಿ, ಯಾರೂ ಎಣಿಸದ ಹಾಗೆ, ಎಷ್ಟೋ ವರ್ಷದ ಮೇಲೆ ಇಂದಿರೆಯ ತಾಯಿಗೆ ಗಂಡುಮಗು ಹುಟ್ಟುತ್ತೆ. ತಾಯಿ ಉಳಿಯುವುದಿಲ್ಲ. ತಮ್ಮನನ್ನು ಎತ್ತಿ ಆಡಿಸುವ ಜವಾಬ್ದಾರಿ ಇಂದಿರೆಯ ಮೇಲೆ ಬೀಳುತ್ತೆ.

ಓದು ಮುಗಿಸಿ ಬಂದ ಮೋಹನ ಲೆಕ್ಕ ಹಾಕುತ್ತಾನೆ. ಎಸ್ಟೇಟಿಗೆ ಈಗ ಗಂಡು ವಾರಸುದಾರ ಬಂದಿದ್ದಾನೆ. ಇಂದಿರಾ ಮೊದಲಿನ ಇಂದಿರಾ ಅಲ್ಲ. ಹುಡುಗಿ ಅದೇ, ಗುಣ ಅದೇ, ಪ್ರೀತಿ ಅದೇ. ಬದಲಾದದ್ದು ಆಸ್ತಿ ಒಂದೇ. ಅವನು ಹಿಂದೆ ಸರಿಯುತ್ತಾನೆ.

ಮುಂದೆ ಅವನೇ ಅಪಘಾತದಲ್ಲಿ ಪೆಟ್ಟು ತಿಂದು ಅದೇ ಮನೆಯಲ್ಲಿ ಮಲಗುವ ಕಾಲ ಬರುತ್ತೆ. ಇಂದಿರಾ ಅವನ ಆರೈಕೆ ಮಾಡುತ್ತಾಳೆ. ಮೋಹನನ ಮನಸ್ಸು ತಿರುಗುತ್ತೆ, ಮದುವೆಯಾಗುವ ಅನ್ನುತ್ತಾನೆ. ಸಾಮಾನ್ಯ ಕಥೆ ಆಗಿದ್ದರೆ ಇಲ್ಲಿ ವಾಲಗ ಊದಬೇಕಿತ್ತು. ತ್ರಿವೇಣಿ ಊದಿಸಲಿಲ್ಲ. ಇಂದಿರಾ ಬೇಡ ಅನ್ನುತ್ತಾಳೆ.

ಸೇಡಿಗೆ ಅಲ್ಲ, ಸಿಟ್ಟಿಗೂ ಅಲ್ಲ. ಸೇಡು ಇದ್ದಿದ್ದರೆ ಅವಳು ಅವನ ಗಾಯಕ್ಕೆ ಆರೈಕೆಯನ್ನೇ ಮಾಡುತ್ತಿರಲಿಲ್ಲ. ಕಾಯಿಲೆಯವನಿಗೆ ಮಾಡುವ ಸೇವೆ ಬೇರೆ, ಗಂಡ ಅಂತ ಒಪ್ಪಿಕೊಳ್ಳುವುದು ಬೇರೆ ಅಂತ ಅವಳಿಗೆ ಗೊತ್ತಾಗಿದೆ. ಕಥೆಯ ಶುರುವಿನಲ್ಲಿ ಮದುವೆಯೇ ತನ್ನ ಬದುಕು ಅಂತ ಕಾಯುತ್ತಿದ್ದ ಹುಡುಗಿ, ಕೊನೆಗೆ ಆ ಮದುವೆ ಇಲ್ಲದೆಯೂ ತಾನು ತಾನೇ ಅಂತ ನಿಲ್ಲುತ್ತಾಳೆ. ಅವಳನ್ನು ದೊಡ್ಡವಳನ್ನಾಗಿ ಮಾಡಿದ್ದು ನಡೆಯದೇ ಹೋದ ಮದುವೆ.

ಈ ಕಥೆ ಹಳೆಯದು ಅಂತ ತಳ್ಳಿಹಾಕೋಕೆ ಆಗಲ್ಲ. ಹೆಣ್ಣು ನೋಡಲು ಬಂದವರು ಪಹಣಿಯಲ್ಲಿ ಯಾರ ಹೆಸರಿದೆ, ಎಷ್ಟು ಎಕರೆ ನಾಲೆ ಬಯಲು, ಅಣ್ಣ ತಮ್ಮ ಇದ್ದಾರಾ ಅಂತ ಸುತ್ತಿ ಬಳಸಿ ಕೇಳುವುದು ಇವತ್ತಿಗೂ ನಿಂತಿಲ್ಲ. ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲೂ ಮಗಳಿಗೆ ಮಗನ ಸಮ ಹಕ್ಕು ಬಂತು. ಆದರೂ ಸಬ್ ರಿಜಿಸ್ಟ್ರಾರ್ ಕಚೇರಿ ಮುಂದೆ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಲು ತವರಿನವರ ಜೊತೆ ಬಂದು ಕೂತ ಅಕ್ಕ ತಂಗಿಯರು ಕಾಣದ ದಿನ ಕಡಿಮೆ. ಅವರಲ್ಲಿ ಮನಸ್ಸಾರೆ ಕೊಡುವವರೂ ಇದ್ದಾರೆ, ಬೇಡ ಅನ್ನಲಾರದೆ ಸಹಿ ಮಾಡುವವರೂ ಇದ್ದಾರೆ.

ಕಾವೇರಿ ಹೇಳಿದ್ದನ್ನು ಯಾರೂ ಕೇಳಲಿಲ್ಲ

‘ಶರಪಂಜರ’ ಇದರ ಇನ್ನೊಂದು ಮಗ್ಗುಲು. ಕಾವೇರಿಗೆ ಮೆಚ್ಚಿ ಮದುವೆಯಾದ ಗಂಡ ಇದ್ದಾನೆ, ಒಳ್ಳೆಯ ಮನೆ ಇದೆ, ಮಕ್ಕಳಿದ್ದಾರೆ. ಎರಡನೆಯ ಹೆರಿಗೆ ಆದ ಮೇಲೆ ಅವಳ ಮನಸ್ಸು ಕದಡುತ್ತೆ. ಹಳ್ಳಿಯಲ್ಲಿ ಬಾಣಂತಿ ಸನ್ನಿ ಅಂತಾರಲ್ಲ, ಅದು. ಮಾನಸಿಕ ಆಸ್ಪತ್ರೆಗೆ ಸೇರಿಸುತ್ತಾರೆ. ಚಿಕಿತ್ಸೆ ಆಗುತ್ತೆ, ವಾಸಿ ಆಗುತ್ತೆ, ಕಾವೇರಿ ಮನೆಗೆ ಬರುತ್ತಾಳೆ.

ಕಥೆ ನಿಜವಾಗಿ ಶುರುವಾಗುವುದು ಇಲ್ಲಿಂದ. ಡಾಕ್ಟರು ವಾಸಿಯಾಗಿದೆ ಅಂದರೂ ಮನೆ ಒಪ್ಪುವುದಿಲ್ಲ. ನಕ್ಕರೆ ಹುಚ್ಚು, ಅತ್ತರೆ ಹುಚ್ಚು, ಜೋರಾಗಿ ಮಾತಾಡಿದರೆ ಹುಚ್ಚು. ಅಕ್ಕಪಕ್ಕದವರಿಗೆ ಭಯ, ಮನೆಕೆಲಸದವರಿಗೆ ಅನುಮಾನ. ಗಂಡ ದೂರ ದೂರ. ಅವನಿಗೆ ಬೇರೆ ಹೆಂಗಸಿನ ಸಂಬಂಧ ಇದೆ ಅಂತ ಅವಳಿಗೆ ತಿಳಿಯುತ್ತೆ. ಆದರೆ ಹುಚ್ಚಿ ಅಂತ ಹಣೆಪಟ್ಟಿ ಬಿದ್ದವಳು ನಿಜ ಹೇಳಿದರೂ ಅದಕ್ಕೆ ಸಾಕ್ಷಿ ಯಾರು? ಕೊನೆಗೆ ಕಾವೇರಿ ಮತ್ತೆ ಅದೇ ಆಸ್ಪತ್ರೆಗೆ ಹೋಗುವ ಹಾಗಾಗುತ್ತೆ. ಮೊದಲ ಸಲ ಅವಳನ್ನು ಕೆಡವಿದ್ದು ಕಾಯಿಲೆ. ಎರಡನೆಯ ಸಲ ಕೆಡವಿದ್ದು ಮನೆ.

ಇಂದಿರೆ ‘ಬೇಡ’ ಅಂದಾಗ ಎದುರಿದ್ದವನು ಕೇಳಲೇಬೇಕಾಯಿತು. ಕಾವೇರಿ ಏನಂದರೂ ಕೇಳುವವರೇ ಇಲ್ಲ. ಎರಡೂ ಕಾದಂಬರಿ ಪಕ್ಕಪಕ್ಕ ಇಟ್ಟುಕೊಂಡು ಓದಿದರೆ ತ್ರಿವೇಣಿ ಹೇಳಹೊರಟದ್ದು ಸ್ಪಷ್ಟ ಆಗುತ್ತೆ. ಹೆಣ್ಣಿನ ಸ್ವಾತಂತ್ರ್ಯ ಅಂದರೆ ಮನೆ ಬಿಟ್ಟು ಹೋಗುವುದು ಒಂದೇ ಅಲ್ಲ. ಅವಳು ಆಡಿದ ಮಾತನ್ನು ಮನೆ ಮಾತು ಅಂತ ಲೆಕ್ಕಕ್ಕೆ ತಗೊಳ್ಳುವುದು. ಅದು ಇಲ್ಲದಿದ್ದರೆ ಗಂಡ, ಮನೆ, ಒಡವೆ ಎಲ್ಲ ಇದ್ದೂ ಅವಳು ಪಂಜರದಲ್ಲೇ.

‘ಹಣ್ಣೆಲೆ ಚಿಗುರಿದಾಗ’ದಲ್ಲಿ ಚಿಕ್ಕ ವಯಸ್ಸಿನ ವಿಧವೆಯ ಮರುಮದುವೆಯ ಪ್ರಶ್ನೆ ಇದೆ. ವಿಧವಾ ವಿವಾಹಕ್ಕೆ 1856ರಲ್ಲೇ ಬ್ರಿಟಿಷರ ಕಾಲದ ಕಾನೂನು ಬಂದಿತ್ತು. ನೂರು ವರ್ಷ ಕಳೆದ ಮೇಲೂ ಕಾದಂಬರಿ ಬರೆದು ಕೇಳಬೇಕಾದ ಸ್ಥಿತಿ ಇತ್ತು. ‘ಹೂವು ಹಣ್ಣು’ ಕೈಯಲ್ಲಿ ಕಾಸಿಲ್ಲದ ವಿಧವೆ ಮಗಳನ್ನು ಸಾಕಲು ಮೈ ಮಾರಿಕೊಳ್ಳುವ ಹಂತಕ್ಕೆ ಬರುವ ಕಥೆ. ಅವಳನ್ನು ಬೈಯುವ ಮೊದಲು ಅವಳಿಗೆ ಒಂದು ದಾರಿ ಯಾರು ತೋರಿಸಿದ್ದರು ಅಂತ ಕೇಳುವ ಧೈರ್ಯ ಆ ಕಾದಂಬರಿಗಿದೆ.

ಅಡುಗೆಮನೆ ಸಾಹಿತ್ಯ ಅಂದವರೂ ಇದ್ದರು

ಹೆಂಗಸರು ಬರೆದ ಕಾದಂಬರಿಗಳನ್ನು ಅಡುಗೆಮನೆ ಸಾಹಿತ್ಯ ಅಂತ ಮೂಗು ಮುರಿದವರಿಗೆ ಕಡಿಮೆ ಇರಲಿಲ್ಲ. ಸಂಸಾರದ ಗೋಳು, ಕಣ್ಣೀರು ಬಿಟ್ಟು ಬೇರೇನಿದೆ ಅನ್ನೋ ಮಾತು. ಆ ದೂರಿನಲ್ಲಿ ಸ್ವಲ್ಪ ನಿಜವೂ ಇರಬಹುದು. ಹತ್ತು ವರ್ಷದಲ್ಲಿ ಅಷ್ಟೊಂದು ಬರೆದಾಗ ಎಲ್ಲವೂ ಒಂದೇ ತೂಕ ಇರಲ್ಲ. ಆದರೆ ಆ ಕಾದಂಬರಿಗಳು ಲೈಬ್ರರಿಯಿಂದ ಮನೆಗೆ, ಮನೆಯಿಂದ ಪಕ್ಕದ ಮನೆಗೆ ಕೈ ಬದಲಾಯಿಸುತ್ತಾ ಓಡಾಡಿದವು. ದೊಡ್ಡ ಗ್ರಂಥ ಮುಟ್ಟದ ಹೆಂಗಸರು ಮಧ್ಯಾಹ್ನದ ಕೆಲಸ ಮುಗಿಸಿ ತ್ರಿವೇಣಿಯನ್ನು ಓದಿದರು. ಒಬ್ಬಳ ಕಷ್ಟ ಅವಳೊಬ್ಬಳ ಹಣೆಬರಹ ಅಲ್ಲ ಅನ್ನೋದು ಅವರಿಗೆ ತಿಳಿದದ್ದು ಹೀಗೆ.

ಮಂಡ್ಯ ಸೀಮೆಯೇ ಇಂಥ ಬರವಣಿಗೆಗೆ ಹದವಾದ ನೆಲವಾಗಿತ್ತು. ‘ಶುಭಮಂಗಳ’, ‘ಎರಡು ಕನಸು’ ಬರೆದ ವಾಣಿ ಹುಟ್ಟಿದ್ದು ಶ್ರೀರಂಗಪಟ್ಟಣದಲ್ಲಿ. ತ್ರಿವೇಣಿಯವರ ತಂಗಿ ಆರ್ಯಾಂಬ ಪಟ್ಟಾಭಿ ಕೂಡ ಕಾದಂಬರಿಗಾರ್ತಿಯಾಗಿ ಹೆಸರು ಮಾಡಿದವರು.

34ಕ್ಕೇ ಮುಗಿದ ಬದುಕು

ಬರೆದಷ್ಟು ಸುಲಭವಾಗಿ ಅವರ ದೇಹ ನಡೆಯಲಿಲ್ಲ. ಆರೋಗ್ಯ ಕೈಕೊಡುತ್ತಲೇ ಇತ್ತು. ಮಗುವಿಗಾಗಿ ವರ್ಷಗಟ್ಟಲೆ ಕಾದರು. ಕೊನೆಗೆ 1963ರಲ್ಲಿ ಹೆಣ್ಣುಮಗು ಹುಟ್ಟಿತು. ಹೆರಿಗೆಯಾದ ಹತ್ತೇ ದಿನಕ್ಕೆ, ಜುಲೈ 29ರಂದು, ತ್ರಿವೇಣಿ ತೀರಿಕೊಂಡರು. 35 ತುಂಬಲು ಇನ್ನೂ ಒಂದು ತಿಂಗಳು ಬಾಕಿ ಇತ್ತು. ಬಾಣಂತಿಯ ಸಂಕಟವನ್ನು ಕನ್ನಡದಲ್ಲಿ ಅಷ್ಟು ಹತ್ತಿರದಿಂದ ಬರೆದವರು ಬಾಣಂತನದಲ್ಲೇ ಹೋದರು.

ಅವರ ಕಥೆಗಳು ಪರದೆಗೆ ಬಂದದ್ದೆಲ್ಲ ಆಮೇಲೆ. ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1966ರಲ್ಲಿ ಮಲಯಾಳದಲ್ಲಿ ‘ಪೂಚ್ಚಕಣ್ಣಿ’ ಅಂತ ತೆಗೆದರು. 1967ರಲ್ಲಿ ‘ಬೆಳ್ಳಿಮೋಡ’ ಬಂತು. ಇಂದಿರೆಯಾಗಿ ಕಲ್ಪನಾ ಮನೆಮಾತಾದರು. 1968ರಲ್ಲಿ ‘ಹಣ್ಣೆಲೆ ಚಿಗುರಿದಾಗ’ದಲ್ಲಿ ರಾಜ್‌ಕುಮಾರ್, ಕಲ್ಪನಾ ನಟಿಸಿದರು. 1971ರ ‘ಶರಪಂಜರ’ಕ್ಕೆ ಕನ್ನಡದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ‘ಹೂವು ಹಣ್ಣು’ 1993ರಲ್ಲಿ ಸಿನಿಮಾ ಆಯ್ತು, ನಾಯಕಿ ಲಕ್ಷ್ಮಿ. ಇದರಲ್ಲಿ ಒಂದನ್ನೂ ತ್ರಿವೇಣಿ ನೋಡಲಿಲ್ಲ.

ಇವತ್ತಿಗೆ ಏನು?

‘ಶರಪಂಜರ’ ನೋಡಿ ಅತ್ತವರ ಊರುಗಳಲ್ಲೇ ಬಾಣಂತಿ ಸನ್ನಿ ಇನ್ನೂ ಗುಟ್ಟಿನ ಕಾಯಿಲೆ. ಹೆರಿಗೆಯಾದ ಮೇಲೆ ನಿದ್ದೆ ಬಾರದೆ, ಮಗು ಮುಟ್ಟದೆ, ಇಲ್ಲದ್ದೆಲ್ಲ ಮಾತಾಡುವ ಹೆಣ್ಣುಮಗಳನ್ನು ಮೊದಲು ಕರೆದುಕೊಂಡು ಹೋಗುವುದು ತಾಯತ ಕಟ್ಟಿಸಲು. ಆಸ್ಪತ್ರೆಗೆ ಹೋದದ್ದು ನೆಂಟರಿಗೆ ಗೊತ್ತಾದರೆ ಮಾನ ಹೋಯ್ತು ಅನ್ನುವವರೂ ಇದ್ದಾರೆ. ಇದು ಬೇಗ ತೋರಿಸಿದರೆ ವಾಸಿಯಾಗುವ ಕಾಯಿಲೆ. ತಡ ಮಾಡಿದರೆ ತಾಯಿ, ಮಗು ಇಬ್ಬರಿಗೂ ಅಪಾಯ. ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿದರೆ ಮುಂದಿನ ದಾರಿ ತೋರಿಸುತ್ತಾರೆ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಸಲಹೆ ಸಿಗುತ್ತೆ.

ವಾಸಿಯಾಗಿ ಬಂದ ಮೇಲೆ ಆ ಹೆಣ್ಣುಮಗಳನ್ನು ಹೇಗೆ ನೋಡಿಕೊಳ್ಳಬೇಕು ಅನ್ನೋದಕ್ಕೆ ಮಾತ್ರ ಯಾವ ಸಹಾಯವಾಣಿಯೂ ಇಲ್ಲ. ಅದು ಮನೆಯವರು, ಬೀದಿಯವರು ಮಾಡಬೇಕಾದ ಕೆಲಸ. ಅವಳು ನಕ್ಕರೆ ನಗು ಅಂತ, ಸಿಟ್ಟಾದರೆ ಸಿಟ್ಟು ಅಂತ, ಬೇಡ ಅಂದರೆ ಬೇಡ ಅಂತ ತಿಳಿಯುವುದು. ತ್ರಿವೇಣಿ ಬೇಡಿದ್ದೂ ಇಷ್ಟನ್ನೇ.

ಸೆಪ್ಟೆಂಬರ್ 1 ಅವರ ಹುಟ್ಟಿದ ದಿನ. ಹಾರ ತುರಾಯಿ ಕಾರ್ಯಕ್ರಮ ಆಗದಿದ್ದರೂ ಪರವಾಗಿಲ್ಲ. ಊರಿನ ಗ್ರಂಥಾಲಯದಲ್ಲಿ ‘ಬೆಳ್ಳಿಮೋಡ’ ಇದೆಯಾ ಅಂತ ಕೇಳಿ, ಇದ್ದರೆ ಮನೆಗೆ ತಂದು, ಮದುವೆ ಗೊತ್ತಾಗಿರುವ ಹುಡುಗಿ ಕೈಗೂ ಹುಡುಗನ ಕೈಗೂ ಕೊಟ್ಟರೆ ಸಾಕು.